ಕೈಯೀಮಾ ವಿಮಾನ ಬಿದ್ದ ಬೆಟ್ಟ

ಮೆಲ್ಬರ್ನಿನಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಬಂದರೆ, ಮೊದಲ ವಾರಾಂತ್ಯದ ಪಟ್ಟಿಯಲ್ಲಿ ಡ್ಯಾಂಡೆನಾಂಗ್ ಬೆಟ್ಟಸಾಲು ಇದ್ದೇ ಇರುತ್ತದೆ. ಬೆಲ್‌ಗ್ರೇವ್‌ನಿಂದ ಹೊರಡುವ ಪಫಿಂಗ್ ಬಿಲ್ಲಿ ಉಗಿಬಂಡಿ, ಸ್ಕೈಹೈ ವೀಕ್ಷಣಾ ತಾಣ, ಒಲಿಂಡಾದಲ್ಲಿ ಕಾಫಿ, ಸಮಯ ಉಳಿದರೆ ಕ್ಯಾರಮ್ ಡೌನ್ಸ್‌ನ ಶಿವ ವಿಷ್ಣು ದೇವಸ್ಥಾನ. ಇದೇ ಬೆಟ್ಟದ ಪಶ್ಚಿಮ ಇಳಿಜಾರಿನಲ್ಲಿ, 1938ರ ಅಕ್ಟೋಬರ್ 25ರಂದು ಕೈಯೀಮಾ ಎಂಬ ಹೆಸರಿನ ಡಗ್ಲಾಸ್ ಡಿಸಿ-2 ವಿಮಾನ ಮಂಜಿನಲ್ಲಿ ಅಪ್ಪಳಿಸಿ, ಅದರಲ್ಲಿದ್ದ 18 ಜನರೂ ಸತ್ತ ಜಾಗವೊಂದಿದೆ ಎಂಬುದು ಅಲ್ಲಿಗೆ ಹೋಗುವ ಬಹುಮಂದಿಗೆ ತಿಳಿದಿರುವುದಿಲ್ಲ. ಈ ಸಲ ನಾನು ಆ ಜಾಗವೊಂದನ್ನೇ ಗುರಿಯಾಗಿಟ್ಟುಕೊಂಡು ಹೊರಟೆ.

ಕಾರಿಲ್ಲದವರಿಗೂ ದಾರಿ ಕಷ್ಟವೇನಲ್ಲ. ನಗರದಿಂದ ಲಿಲಿಡೇಲ್ ಮಾರ್ಗದ ರೈಲಿನಲ್ಲಿ ಕ್ರಾಯ್ಡನ್‌ವರೆಗೆ ಹೋಗಿ, ಅಲ್ಲಿಂದ 688ನೇ ನಂಬರಿನ ಬಸ್ಸು ಹಿಡಿದರೆ ಅದು ಮಾಂಟ್ರೋಸ್, ಕಲೋರಾಮ ದಾಟಿ ತಿರುವು ತಿರುವಾಗಿ ಬೆಟ್ಟ ಹತ್ತುತ್ತದೆ. ಬರ್ಕ್ಸ್ ಲುಕ್‌ಔಟ್ ಎಂಬ ನೋಟದ ಕಟ್ಟೆಯ ಬಳಿ ಟೆಲಿವಿಷನ್ ಪ್ರಸಾರದ ಗೋಪುರಗಳು ನಿಂತಿವೆ. ಅಲ್ಲಿಂದ ಕೆಳಗಿಳಿಯುವ ಕಾಡುದಾರಿಗೆ ವಿಮಾನದ ಹೆಸರನ್ನೇ ಇಟ್ಟು ಕೈಯೀಮಾ ಟ್ರ್ಯಾಕ್ ಎಂದು ಕರೆದಿದ್ದಾರೆ. ಇಳಿಜಾರು ಕಡಿದು, ಉದುರಿದ ನೀಲಗಿರಿ ತೊಗಟೆಯ ಉದ್ದುದ್ದ ಪಟ್ಟಿಗಳು ಕಾಲಿಗೆ ತೊಡರುತ್ತವೆ, ಮಳೆ ಬಿದ್ದಿದ್ದರೆ ಅವು ಜಾರುತ್ತವೆ ಕೂಡ. ಸ್ಮಾರಕವೆಂದರೆ ಕಾಡಿನ ನಡುವಿನ ಕಲ್ಲು ಮತ್ತು ಫಲಕ, ಅಷ್ಟೆ. ಅದರ ಮುಂದೆ ನಿಂತು ಪಶ್ಚಿಮಕ್ಕೆ ಮುಖ ಮಾಡಿದಾಗ, ವಿಮಾನ ಬಂದದ್ದು ಈ ಕಡೆಯಿಂದಲೇ, ನಗರದ ನೆತ್ತಿಯ ಮೇಲಿಂದಲೇ ಎಂಬುದು ಮೊದಲ ಬಾರಿಗೆ ಸರಿಯಾಗಿ ಅರ್ಥವಾಯಿತು. ಅಡಿಲೇಡ್‌ನಿಂದ ಮೆಲ್ಬರ್ನಿಗೆ ಬರುವ ವಿಮಾನ ಇಳಿಯಬೇಕಾದ ಎಸೆಂಡನ್ ನಿಲ್ದಾಣ ನಗರದ ವಾಯವ್ಯಕ್ಕಿದೆ. ಈ ಬೆಟ್ಟ ಪೂರ್ವಕ್ಕಿದೆ. ಎರಡರ ನಡುವೆ ಸುಮಾರು 40 ಕಿಲೋಮೀಟರ್ ದೂರ. ಅಷ್ಟು ದೂರ ಗುರಿ ದಾಟಿ ಬಂದದ್ದು ವಿಮಾನ ನಡೆಸುವವರಿಗೆ ಗೊತ್ತೇ ಆಗಲಿಲ್ಲ.

ಡಿಸಿ-2 ಅಂದಿನ ಕಾಲಕ್ಕೆ ಬೆರಗು ಹುಟ್ಟಿಸಿದ ಯಂತ್ರ. ಮರ, ಬಟ್ಟೆಗಳ ಬದಲು ಪೂರ್ತಿ ಲೋಹದ ಮೈ, ಮಡಚಿಕೊಳ್ಳುವ ಚಕ್ರಗಳು, ಎರಡು ರೈಟ್ ಸೈಕ್ಲೋನ್ ಎಂಜಿನ್‌ಗಳು, 14 ಆಸನಗಳು, ಗಂಟೆಗೆ 300 ಕಿಲೋಮೀಟರ್ ಆಸುಪಾಸಿನ ವೇಗ. 1934ರ ಮ್ಯಾಕ್‌ರಾಬರ್ಟ್‌ಸನ್ ಪಂದ್ಯದಲ್ಲಿ ಇಂಗ್ಲೆಂಡಿನಿಂದ ಮೆಲ್ಬರ್ನಿಗೆ ಹಾರಿಬಂದ ವಿಮಾನಗಳ ಪೈಕಿ ಎರಡನೆಯ ಸ್ಥಾನ ಪಡೆದದ್ದು ಡಚ್ಚರ ಕೆಎಲ್‌ಎಂ ಸಂಸ್ಥೆಯ ಆಯ್ವರ್ ಎಂಬ ಡಿಸಿ-2. ಅದರ ಮುಂದೆ ಬಂದದ್ದು ಪಂದ್ಯಕ್ಕೆಂದೇ ಕಟ್ಟಿದ ವಿಮಾನ, ಇದಾದರೋ ಪ್ರಯಾಣಿಕರನ್ನು ಕೂರಿಸಿಕೊಂಡು ಬಂದಿತ್ತು. ಆ ಹಾರಾಟದ ಕೊನೆಯ ರಾತ್ರಿ ಆಯ್ವರ್ ಗುಡುಗುಮಳೆಯಲ್ಲಿ ದಾರಿ ತಪ್ಪಿ ಆಲ್ಬರಿ ಪಟ್ಟಣದ ಮೇಲೆ ಸುತ್ತತೊಡಗಿತು. ಊರಿನವರು ಬೀದಿದೀಪಗಳನ್ನೇ ಆರಿಸಿ ಹೊತ್ತಿಸಿ ಮೋರ್ಸ್ ಸಂಕೇತದಲ್ಲಿ ಊರಿನ ಹೆಸರು ತಿಳಿಸಿದರು. ರೇಡಿಯೋ ಕರೆ ಕೇಳಿ ಕಾರುಗಳನ್ನು ಕುದುರೆ ಜೂಜಿನ ಮೈದಾನಕ್ಕೆ ಒಯ್ದು ದೀಪಗಳ ಸಾಲು ಮಾಡಿದರು. ವಿಮಾನ ಕ್ಷೇಮವಾಗಿ ಇಳಿಯಿತು. ಬೆಳಿಗ್ಗೆ ಕೆಸರಿನಲ್ಲಿ ಹೂತ ಚಕ್ರಗಳನ್ನು ಹಗ್ಗ ಕಟ್ಟಿ ಎಳೆದು ಬಿಡಿಸಿದವರೂ ಅವರೇ. ಅದೇ ಆಯ್ವರ್ ಎರಡು ತಿಂಗಳೊಳಗೆ, ಡಿಸೆಂಬರ್ 20ರಂದು, ಬಟಾವಿಯಾಕ್ಕೆ (ಇಂದಿನ ಜಕಾರ್ತಾ) ಕ್ರಿಸ್‌ಮಸ್ ಟಪಾಲು ಒಯ್ಯುವಾಗ ಇರಾಕಿನ ರುತ್ಬಾ ಬಳಿಯ ಮರುಭೂಮಿಯಲ್ಲಿ ಬಿದ್ದು 7 ಜನ ಸತ್ತರು.

ಆಲ್ಬರಿಯ ಆ ರಾತ್ರಿಗೂ ಕೈಯೀಮಾದ ಮಧ್ಯಾಹ್ನಕ್ಕೂ ನಡುವೆ ನಾಲ್ಕು ವರ್ಷ. ಒಂದರಲ್ಲಿ ನೆಲದ ಮೇಲಿದ್ದವರು ಆಕಾಶದಲ್ಲಿದ್ದವರಿಗೆ ‘ನೀವು ಇಲ್ಲಿದ್ದೀರಿ’ ಎಂದು ಹೇಳಿದರು. ಇನ್ನೊಂದರಲ್ಲಿ ಹೇಳುವುದನ್ನೇ ಕೆಲಸವಾಗಿ ಹೊತ್ತವರು ಯಾರೂ ಇರಲಿಲ್ಲ. ನನ್ನ ಮಟ್ಟಿಗೆ ಇಡೀ ದುರಂತದ ತಿರುಳು ಅಲ್ಲೇ ಇದೆ.

ಆಸ್ಟ್ರೇಲಿಯನ್ ನ್ಯಾಷನಲ್ ಏರ್‌ವೇಸ್‌ಗೆ ಸೇರಿದ ಕೈಯೀಮಾ ಅಂದು 14 ಪ್ರಯಾಣಿಕರನ್ನೂ 4 ಸಿಬ್ಬಂದಿಯನ್ನೂ ಹೊತ್ತು ಅಡಿಲೇಡ್‌ನ ಪ್ಯಾರಾಫೀಲ್ಡ್‌ನಿಂದ ಹೊರಟಿತು. ಮೆಲ್ಬರ್ನ್ ಸುತ್ತಲ ನೆಲವನ್ನು ಮೋಡ ಮುಚ್ಚಿತ್ತು. ಮೋಡದ ಸಂದಿಯೊಂದರಲ್ಲಿ ಕೆಳಗೆ ಕಂಡ ಸನ್‌ಬರಿ ಊರನ್ನು ಪೈಲಟ್‌ಗಳು ಡೇಲ್ಸ್‌ಫರ್ಡ್ ಎಂದು ಭಾವಿಸಿದರು. ನಕ್ಷೆ ಹರಡಿ ನೋಡಿದರೆ ಈ ತಪ್ಪಿನ ಬೆಲೆ ಕಾಣುತ್ತದೆ: ಡೇಲ್ಸ್‌ಫರ್ಡ್‌ನಿಂದ ಎಸೆಂಡನ್‌ಗೆ ಸುಮಾರು 80 ಕಿಲೋಮೀಟರ್, ಸನ್‌ಬರಿಯಿಂದ 25ರೊಳಗೆ, ಮೂರೂ ಊರುಗಳು ಮತ್ತು ಈ ಬೆಟ್ಟ ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿ ಬರುತ್ತವೆ. ಅಂದರೆ ನಿಲ್ದಾಣ ಇನ್ನೂ ಮುಂದಿದೆ ಎಂದು ನಂಬಿ ಅವರು ಮೋಡದೊಳಗೆ ಕೆಳಗಿಳಿಯುತ್ತಿದ್ದಾಗ, ನಿಲ್ದಾಣ ಆಗಲೇ ಹಿಂದಾಗಿ, ಎದುರಿಗೆ 600 ಮೀಟರಿಗೂ ಮಿಕ್ಕ ಎತ್ತರದ ಬೆಟ್ಟವಿತ್ತು. ಹಳೆಯ ನಿಧಾನದ ವಿಮಾನಗಳಾಗಿದ್ದರೆ ಲೆಕ್ಕ ಸರಿಪಡಿಸಿಕೊಳ್ಳಲು ಸ್ವಲ್ಪ ಹೊತ್ತಾದರೂ ಸಿಗುತ್ತಿತ್ತೇನೋ; ಡಿಸಿ-2ಗೆ ಎಸೆಂಡನ್‌ನಿಂದ ಬೆಟ್ಟಕ್ಕೆ ಎಂಟೇ ನಿಮಿಷ ಸಾಕು. ಶಿಖರಕ್ಕಿಂತ ತುಸುವೇ ಕೆಳಗೆ ಮರಗಳನ್ನು ಸೀಳಿಕೊಂಡು ಬಿದ್ದ ವಿಮಾನ ಹೊತ್ತಿ ಉರಿಯಿತು.

ಸತ್ತವರಲ್ಲಿ ಚಾರ್ಲ್ಸ್ ಹಾಕರ್ ಇದ್ದರು. ಮೊದಲ ಮಹಾಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡು, ಮುಂದೆ ಮತ್ತೆ ಗಾಯಗೊಂಡು ಕಾಲುಗಳ ಶಕ್ತಿ ಕುಂದಿದರೂ ಊರುಗೋಲಿನೊಂದಿಗೆ ರಾಜಕೀಯಕ್ಕಿಳಿದು, 1929ರಲ್ಲಿ ವೇಕ್‌ಫೀಲ್ಡ್ ಕ್ಷೇತ್ರದಿಂದ ಸಂಸತ್ತಿಗೆ ಆರಿಸಿಬಂದವರು. 1932ರಲ್ಲಿ ಸಚಿವರಾಗಿದ್ದಾಗ ಸಂಸದರ ಸಂಬಳ ಇನ್ನಷ್ಟು ಕಡಿತವಾಗಲಿ ಎಂಬ ನಿಲುವಿಗಾಗಿ ಪದವಿಯನ್ನೇ ಬಿಟ್ಟರು. ಇಂಥ ಕಾರಣಕ್ಕೆ ರಾಜೀನಾಮೆ ಕೊಟ್ಟ ಮಂತ್ರಿಯ ಬಗ್ಗೆ ನಮ್ಮಲ್ಲಿ ಓದಿದ ನೆನಪು ನನಗಿಲ್ಲ. ಮುಂದೆ ಪ್ರಧಾನಿಯಾಗಬಲ್ಲವರೆಂದು ಹಲವರು ಎಣಿಸಿದ್ದ ಅವರಿಗೆ ಆಗ 44 ವರ್ಷ. ಅದೇ ವಿಮಾನದಲ್ಲಿ ದಕ್ಷಿಣ ಆಸ್ಟ್ರೇಲಿಯಾದ ದ್ರಾಕ್ಷಾರಸ ಉದ್ಯಮದ ಮೂವರು ಪ್ರಮುಖರೂ ಇದ್ದರು: ಹ್ಯೂಗೋ ಗ್ರ್ಯಾಂಪ್, ಟಾಮ್ ಹಾರ್ಡಿ, ಯಲುಂಬಾ ವೈನ್ ಕಂಪನಿಯ ಸಿಡ್ನಿ ಹಿಲ್ ಸ್ಮಿತ್. ಮೂರು ಮನೆತನಗಳು ಒಂದೇ ಮಧ್ಯಾಹ್ನ ಯಜಮಾನರನ್ನು ಕಳೆದುಕೊಂಡವು. ಟಾಮ್ ಹಾರ್ಡಿಯವರ ಪತ್ನಿ ಐಲೀನ್ ಅವರ ಹೆಸರು ಇಂದಿಗೂ ಹಾರ್ಡಿ ಕಂಪನಿಯ ಉತ್ತಮ ವೈನ್‌ಗಳ ಸೀಸೆಯ ಮೇಲಿದೆ. ಮೆಲ್ಬರ್ನಿನ ಅಂಗಡಿಗಳಲ್ಲಿ ಅದನ್ನು ಕೊಳ್ಳುವವರು ಈ ಬೆಟ್ಟವನ್ನು ನೆನೆಯುವ ಸಂಭವ ಕಡಿಮೆ.

ವಿಚಾರಣೆ ನಡೆದಾಗ ಪೈಲಟ್‌ಗಳ ದಿಕ್ಕೆಣಿಕೆಯ ತಪ್ಪು ಎದ್ದು ಕಂಡಿತು, ನಿಜ. ಅದರ ಜೊತೆಗೇ ಹೆಚ್ಚು ಮುಜುಗರದ ಸಂಗತಿಯೂ ಹೊರಬಂತು: ಮೋಡದಲ್ಲಿ ವಿಮಾನಕ್ಕೆ ದಾರಿ ತೋರಬಲ್ಲ ರೇಡಿಯೋ ದಾರಿದೀಪದ ಉಪಕರಣ ಎಸೆಂಡನ್‌ಗೆ ಬಂದಿತ್ತಾದರೂ ಇನ್ನೂ ಬಳಕೆಗೆ ಬಂದಿರಲಿಲ್ಲ. ವೇಗದ ವಿಮಾನಗಳನ್ನು ಕೊಂಡು ಹಾರಿಸಲು ತೋರಿದ ಆತುರ, ಅವುಗಳಿಗೆ ದಾರಿ ಹೇಳುವ ಏರ್ಪಾಡಿನಲ್ಲಿ ಕಾಣಲಿಲ್ಲ. ಹಾಗಾಗಿ ತಪ್ಪನ್ನೆಲ್ಲ ಸತ್ತವರ ತಲೆಗೆ ಕಟ್ಟುವ ಬರವಣಿಗೆಯನ್ನು ಕಂಡಾಗ ನನಗೆ ಒಪ್ಪಿಗೆಯಾಗುವುದಿಲ್ಲ. ದುರಂತದ ಬಳಿಕ ನಾಗರಿಕ ವಿಮಾನಯಾನಕ್ಕೆ ಪ್ರತ್ಯೇಕ ಇಲಾಖೆ ರೂಪುಗೊಂಡಿತು. ಪ್ರತಿ ಹಾರಾಟದ ಯೋಜನೆಯನ್ನೂ ಅದು ಸಾಗುತ್ತಿರುವ ಸ್ಥಾನವನ್ನೂ ನೆಲದಿಂದಲೇ ಪರಿಶೀಲಿಸುವ ಅಧಿಕಾರಿಗಳು ಬಂದರು. ರೇಡಿಯೋ ಮಾರ್ಗದರ್ಶನ ದೇಶದಲ್ಲಿ ಹರಡಿತು. ಇದರಿಂದ ಎಲ್ಲವೂ ಸರಿಹೋಯಿತೆಂದೂ ಅಲ್ಲ. ಇದೇ ಸಂಸ್ಥೆಯ ಡಿಸಿ-3 ಒಂದು 1946ರ ಮಾರ್ಚಿನಲ್ಲಿ ಹೋಬಾರ್ಟ್ ಬಳಿ ಏರಿದ ಕೂಡಲೇ ಸಮುದ್ರಕ್ಕೆ ಬಿದ್ದು 25 ಜನ ಸತ್ತರು. 1948ರ ಸೆಪ್ಟೆಂಬರಿನಲ್ಲಿ ಲುಟಾನಾ ಎಂಬ ಇನ್ನೊಂದು ಡಿಸಿ-3, ನ್ಯೂ ಸೌತ್ ವೇಲ್ಸ್‌ನ ಕ್ವಿರಿಂಡಿ ಬಳಿ ದಾರಿ ತಪ್ಪಿ ಗುಡ್ಡಕ್ಕೆ ಬಡಿದು 13 ಜನರನ್ನು ಬಲಿ ತೆಗೆದುಕೊಂಡಿತು. ಮಂಗಳೂರಿನ ಬಜ್ಪೆಯಲ್ಲಿ 2010ರಲ್ಲಿ 158 ಜನರನ್ನು ಕಳೆದುಕೊಂಡ ನಮಗೆ ಇಂಥ ಪಟ್ಟಿ ಓದುವುದು ಸುಲಭವಲ್ಲ.

ಇಲ್ಲಿಗೆ ಹೋಗುವವರಿಗೆ ಎರಡು ಮಾತು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಅಪಾಯ ಅತಿಯಾಗಿರುವ ದಿನಗಳಲ್ಲಿ ಈ ರಾಷ್ಟ್ರೀಯ ಉದ್ಯಾನವನ್ನು ಮುಚ್ಚುತ್ತಾರೆ. ಚಳಿಗಾಲದಲ್ಲಿ ಮಧ್ಯಾಹ್ನವೇ ಮಂಜು ಇಳಿದು ನಗರ ಕಾಣದಂತಾಗಬಹುದು. ಕೈಯೀಮಾದಂಥ ವಿಮಾನವನ್ನೇ ಕಣ್ಣಾರೆ ಕಾಣುವ ಆಸೆಯಿದ್ದರೆ ಆಲ್ಬರಿಗೆ ಹೋಗಬೇಕು. ಆಯ್ವರ್ ನೆನಪಿಗಾಗಿ ಆ ಊರಿನವರು ಅದೇ ಮಾದರಿಯ ಬೇರೊಂದು ಡಿಸಿ-2 ವಿಮಾನವನ್ನು ಉಳಿಸಿಕೊಂಡಿದ್ದಾರೆ. ಮೆಲ್ಬರ್ನಿನಿಂದ ಹ್ಯೂಮ್ ಹೆದ್ದಾರಿ ಹಿಡಿದರೆ ಮೂರೂವರೆ ಗಂಟೆಯ ದಾರಿ. ನೋಡಲು ಬಿಡುವ ಸಮಯವನ್ನು ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು.