ಪರಿಷೆಗೆ ಯಾವ ಕ್ಯಾಮೆರಾ?

2024 ನವೆಂಬರ್ 24, ಭಾನುವಾರ ರಾತ್ರಿ

ನಾಳೆ ಕಾರ್ತಿಕದ ಕಡೇ ಸೋಮವಾರ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಅರ್ಧ ದಿನ ರಜೆ ಹಾಕಿದ್ದಾಯಿತು. ಯಾವ ಕ್ಯಾಮೆರಾ ಒಯ್ಯೋದು ಅನ್ನೋದೇ ಇನ್ನೂ ಇತ್ಯರ್ಥ ಆಗಿಲ್ಲ.

ಸಂಜೆ ನನ್ನ ಎರಡೂ ಫಿಲ್ಮ್ ಕ್ಯಾಮೆರಾನ ಅಡುಗೆಮನೆ ತಕ್ಕಡಿ ಮೇಲಿಟ್ಟೆ. ಒಲಿಂಪಸ್ ಎಕ್ಸ್‌ಎ ಕಾಲು ಕೆಜಿಯೂ ಇಲ್ಲ. ಯಾಶಿಕಾ ಮ್ಯಾಟ್ 124ಜಿ ಒಂದು ಕೆಜಿ ದಾಟಿತು. "ಇದನ್ನ ಕತ್ತಿಗೆ ನೇತು ಹಾಕ್ಕೊಂಡು ಆ ಜನದಲ್ಲಿ ನುಗ್ತೀಯೇನೋ?" ಅಂದಳು ಅಮ್ಮ.

ಎಕ್ಸ್‌ಎ ಅಂಗಿ ಜೇಬಿನಲ್ಲೇ ಕೂರುತ್ತೆ. ಒಂದು ರೋಲಿಗೆ 36 ಫೋಟೊ. ಆದರೆ ಹೊರೋಕೆ ಸುಲಭ ಅಂದ ಮಾತ್ರಕ್ಕೆ ತೆಗೆಯೋಕೂ ಸುಲಭ ಅಲ್ಲ. ನನ್ನದು ದಪ್ಪ ಕನ್ನಡಕ. ಆ ಪುಟ್ಟ ಕಿಂಡಿಯಲ್ಲಿ ಇಣುಕಿ, ಫೋಕಸ್ ಮಾಡೋಕೆ ಎರಡು ಬಿಂಬ ಒಂದರ ಮೇಲೊಂದು ಕೂರಿಸುವಷ್ಟರಲ್ಲಿ ಮುಂದೆ ನಾಲ್ಕು ಬೆನ್ನು ಬಂದು ನಿಂತಿರುತ್ತವೆ. ಒಳಗಿನ ಎರಡು ಗುಂಡಿ ಸೆಲ್ ಸತ್ತರೆ ಶಟರ್ರೂ ಕೆಲಸ ಮಾಡಲ್ಲ.

ಯಾಶಿಕಾ ಶಟರ್ರಿಗೆ ಸೆಲ್ಲೇ ಬೇಡ. ಅದರ ಅಗಲ ಫಿಲ್ಮಿನ 120 ರೋಲಿಗೆ 12 ಫೋಟೊ ಅಷ್ಟೇ, ನಿಜ. ಆದರೆ ನೆಗೆಟಿವ್ ಎಕ್ಸ್‌ಎಯ 35 ಎಂಎಂ ಫಿಲ್ಮಿಗಿಂತ ಮೂರೂವರೆ ಪಟ್ಟು ದೊಡ್ಡದು. ಕಾಯಿ ರಾಶಿ ತೆಗೆದರೆ ಸಿಪ್ಪೆ ಮೇಲಿನ ಗೆರೆಯೂ ಕಾಣುತ್ತೆ. ಇನ್ನೊಂದು ಮಜಾ ಇದೆ. ಇದರಲ್ಲಿ ದೃಶ್ಯ ಕಾಣೋದು ಕ್ಯಾಮೆರಾದ ಮೇಲ್ಭಾಗದ ಗಾಜಿನಲ್ಲಿ. ಜನ ಅಡ್ಡ ಬಂದರೆ ಕ್ಯಾಮೆರಾ ತಲೆಕೆಳಗು ಮಾಡಿ, ಎರಡೂ ಕೈಯಲ್ಲಿ ತಲೆ ಮೇಲೆ ಎತ್ತಿ, ಕೆಳಗಿಂದ ಗಾಜು ನೋಡ್ತಾ ಒತ್ತಬಹುದು. ನೋಡೋರು ನಗ್ತಾರೆ, ನಗಲಿ. ಎಕ್ಸ್‌ಎಯನ್ನ ಹಾಗೆ ಎತ್ತಿದರೆ ಸುಮ್ನೆ ಅಂದಾಜಿನ ಮೇಲೆ ಒತ್ತಬೇಕು.

ಯಾಶಿಕಾದ ತಲೆನೋವು ರೋಲ್ ಬದಲಿಸೋದು. ಹೋದ ವರ್ಷ ದೊಡ್ಡ ಗಣೇಶನ ಗುಡಿ ಹತ್ತಿರ, ಮುಗಿದ ರೋಲು ತೆಗೆದು, ಸುತ್ತು ಬಿಚ್ಚದ ಹಾಗೆ ಅಂಟಿಸೋಕೆ ಅಂಟುಪಟ್ಟಿಗೆ ನಾಲಿಗೆ ತಾಗಿಸುತ್ತಿದ್ದೆ. ಯಾರದೋ ಮೊಣಕೈ ತಗುಲಿತು. ರೋಲು ಬಿದ್ದು, ಕಾಗದದ ಸುತ್ತು ಬಿಚ್ಚಿಕೊಂಡು, ಒಬ್ಬ ಅಜ್ಜಿಯ ಕಡಲೆಕಾಯಿ ಗುಡ್ಡೆವರೆಗೂ ಉರುಳಿತು. ಅಜ್ಜಿ ಅದನ್ನ ಸೆರಗಿನಲ್ಲಿ ಒರೆಸಿ, ನೀಟಾಗಿ ಬಿಚ್ಚಿ ನೋಡಿ, ಕೊಟ್ಟಳು! ಕಡೇ ನಾಲ್ಕು ಫೋಟೊ ಬೆಳಕು ಕುಡಿದು ಹಾಳಾದವು. ಬೈಯೋಕೆ ಮನಸ್ಸು ಬರಲಿಲ್ಲ, ಒಂದು ಸೇರು ಕಾಯಿ ಕೊಂಡು ಬಂದೆ.

ಹಾಗಾಗಿ ಈ ಸಲ ಯಾಶಿಕಾನೇ, ಆದರೆ ಒಂದೇ ರೋಲು. ಈಗಲೇ ತುಂಬಿ ಇಟ್ಟಿದ್ದೇನೆ. ಹನ್ನೆರಡು ಮುಗಿದರೆ ಮುಗೀತು.

ಅಮ್ಮ ಎರಡು ಸೇರು ಹಸಿ ಕಾಯಿ ಹೇಳಿದ್ದಾಳೆ. ಚೀಲ ಹಿಡ್ಕೊಂಡು ಕ್ಯಾಮೆರಾ ತಲೆ ಮೇಲೆ ಎತ್ತೋಕಾಗಲ್ಲ. ಮೊದಲು ಫೋಟೊ, ಆಮೇಲೆ ಕಾಯಿ.