ದೀಕ್ಷಾಸ್ನಾನದ ನೀರು

ಹೋದ ಭಾನುವಾರ ನಮ್ಮ ಚರ್ಚಿನ ಸಭೆಯಲ್ಲಿ ತಂಗಿಯ ಮಗುವಿಗೆ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಮ್, ಆಯಿತು. ಪಾದ್ರಿ ಅಯ್ಯನವರು ಕಲ್ಲಿನ ಬೋಗುಣಿಯಲ್ಲಿ ಕೈ ಅದ್ದಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಮೂರು ಸಲ ನೆತ್ತಿಗೆ ನೀರು ಹಾಕಿದರು. ಮೊದಲೆರಡು ಸಲ ಕಣ್ಣು ಪಿಳುಕಿಸುತ್ತಿದ್ದ ಮಗು ಮೂರನೆಯದಕ್ಕೆ ಚೀರಿ ಅತ್ತಿತು, ಅಜ್ಜಿ ಸೆರಗಿನಿಂದ ಹಣೆ ಒರೆಸಿದರು, ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ನಡೆಯುತ್ತಿದ್ದುದರ ತೂಕ ತಿಳಿದದ್ದು ಮಗುವಿಗೊಂದೇ ಇರಬೇಕು ಎನಿಸಿತು ನನಗೆ.

ಕನ್ನಡದ ಕಿವಿಗೆ ಸ್ನಾನವೆಂದರೆ ಕೊಳೆ ತೊಳೆಯುವುದು, ಮಡಿಯಾಗುವುದು. ಪಾಪ ತೊಳೆದುಹೋಗುವ ಅರ್ಥ ಬೈಬಲಿನಲ್ಲಿಯೂ ಇದೆ, ನಿಜ. ಆದರೆ ಗ್ರೀಕಿನ ಮೂಲ ಪದಕ್ಕೆ ಮುಳುಗಿಸು ಎಂದರ್ಥ. ರೋಮಾಪುರದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಇನ್ನೂ ಮುಂದೆ ಹೋಗಿ, ನೀರಿಗಿಳಿದವನು ಕ್ರಿಸ್ತನೊಂದಿಗೆ ಸತ್ತು ಹೂಣಲ್ಪಟ್ಟು, ಹೊಸ ಜೀವಕ್ಕಾಗಿ ಮೇಲೇಳುತ್ತಾನೆ ಎನ್ನುತ್ತಾನೆ. ಬೋಗುಣಿಯ ನಾಲ್ಕು ಹನಿಯಲ್ಲಿ ಈ ಸಮಾಧಿ ಕಾಣುವುದು ಕಷ್ಟ.

ಹಾಗೆಂದು ಮುಳುಗದವರ ದೀಕ್ಷೆ ದೀಕ್ಷೆಯೇ ಅಲ್ಲ ಎನ್ನುವವರ ಮಾತನ್ನು ನಾನು ಒಪ್ಪಲಾರೆ. (ಪೆಂಟೆಕೋಸ್ಟ್ ಸಭೆಗೆ ಸೇರಿದ ನಮ್ಮ ಬಂಧುವೊಬ್ಬರು ಪ್ರತಿ ಕ್ರಿಸ್ಮಸ್ ಊಟದಲ್ಲೂ ಇದನ್ನೇ ಎತ್ತುತ್ತಾರೆ.) ಆದಿಸಭೆಯ ಕೈಪಿಡಿಯಾದ ದಿದಖೆ ಹರಿಯುವ ನೀರನ್ನೇ ಬಯಸುತ್ತದೆ, ಅದಿಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಯಾವುದೂ ಸಾಕಷ್ಟಿಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿದರೆ ಆಯಿತು ಎನ್ನುತ್ತದೆ.

ನಿಜವಾದ ಜಗಳ ನೀರಿನ ಅಳತೆಯದಲ್ಲ, ಒಪ್ಪಿಗೆ ಯಾರದೆಂಬುದರದು. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಕೆಲವರು, ನಂಬಿಕೆಯನ್ನು ಬಾಯಾರೆ ಅರಿಕೆಮಾಡಲಾರದ ಶಿಶುವಿಗೆ ಕೊಟ್ಟದ್ದು ದೀಕ್ಷೆಯಲ್ಲವೆಂದು, ಬೆಳೆದವರಾಗಿ ಒಬ್ಬರಿಗೊಬ್ಬರು ದೀಕ್ಷಾಸ್ನಾನ ಮಾಡಿಸಿದರು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರಲ್ಲಿ ಅಲ್ಲಿನ ಆಡಳಿತ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು. ಆ ಕ್ರೂರ ಕುಚೋದ್ಯವನ್ನು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ನಮ್ಮ ಕಡೆಯವರಿಗೆ ಹತ್ತಿರದ ನೆನಪು ಮಂಗಳೂರಿನದು. ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ಬಾಸೆಲ್ ಮಿಷನ್ನಿನ ಮೊಗ್ಲಿಂಗರಿಂದ ದೀಕ್ಷಾಸ್ನಾನ ಪಡೆದು ಹರ್ಮನ್ ಎಂಬ ಹೆಸರನ್ನು ಹೊತ್ತಾಗ ಊರೇ ಅಲ್ಲೋಲಕಲ್ಲೋಲವಾಯಿತು. ಹಳೆಯ ಬದುಕಿನ ಪಾಲಿಗೆ ಸಾಯುವುದೆಂಬ ಪೌಲನ ಮಾತು ಹುಟ್ಟುಕುಲ ಬಿಟ್ಟ ಆ ಹುಡುಗನಿಗೆ ಬರಿಯ ರೂಪಕವಾಗಿರಲಿಲ್ಲ.

ತಂಗಿಯ ಮಗುವಿಗೆ ಅಂಥ ಬೆಲೆ ತೆರುವ ಪ್ರಸಂಗ ಬಂದಿಲ್ಲ. ಸೈತಾನನನ್ನೂ ಅವನ ಕ್ರಿಯೆಗಳನ್ನೂ ತೊರೆಯುತ್ತೀರಾ ಎಂಬ ಪ್ರಶ್ನೆಗೆ ಅದರ ಪರವಾಗಿ ಹೆತ್ತವರೇ ತೊರೆಯುತ್ತೇವೆ ಎಂದರು, ತಂಗಿಯ ದನಿ ಸ್ವಲ್ಪ ನಡುಗಿತು. ಬೆಳೆದ ಮೇಲೆ ತನ್ನ ನಂಬಿಕೆಯನ್ನು ತಾನೇ ಅರಿಕೆಮಾಡುವ ದೃಢೀಕರಣದ ದಿನ, ಅದೇ ಕಲ್ಲಿನ ಬೋಗುಣಿಯ ಪಕ್ಕದಲ್ಲಿ ನಿಂತು, ಮಗುವೇ ಬಾಯಿಬಿಟ್ಟು ಉತ್ತರಿಸಬೇಕಾಗುತ್ತದೆ.