ಒಂದೇ ರಸ್ತೆಯಲ್ಲಿ ಕ್ರಿಕೆಟ್ಟೂ ಕ್ಯಾಲಿಪ್ಸೋನೂ: ಪೋರ್ಟ್ ಆಫ್ ಸ್ಪೇನ್ ಓಡಾಟ

ಟ್ರಿನಿಡಾಡ್‌ಗೆ ಜನ ಜಾಸ್ತಿ ಹೋಗೋದು ಕಾರ್ನಿವಲ್ ನೋಡೋಕೆ, ಇಲ್ಲಾಂದ್ರೆ ಪಕ್ಕದ ಟೊಬೇಗೋದ ಸಮುದ್ರ ತೀರಕ್ಕೆ. ನಾನು ಹೋಗಿದ್ದು ಒಂದು ಮೈದಾನ ನೋಡಲು. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿರುವ ಕ್ವೀನ್ಸ್ ಪಾರ್ಕ್ ಓವಲ್. 1976ರ ಏಪ್ರಿಲ್‌ನಲ್ಲಿ ನಮ್ಮ ಗುಂಡಪ್ಪ ವಿಶ್ವನಾಥ್ 112 ಹೊಡೆದದ್ದು ಇಲ್ಲೇ.

ಮೈದಾನ ಟ್ರಾಗರೀಟ್ ರಸ್ತೆಯಲ್ಲಿದೆ. ಆ ದಿನ ಪಂದ್ಯ ಏನೂ ಇರಲಿಲ್ಲ. ಬೆಂಗಳೂರಿನಿಂದ ಬಂದಿದ್ದೇನೆ, ಸುಮ್ನೆ ಸ್ವಲ್ಪ ಹೊತ್ತು ನಿಂತು ನೋಡ್ತೀನಿ ಅಂದೆ. ಕಾವಲಿನವರು ನಕ್ಕು ಒಳಗೆ ಬಿಟ್ಟರು. ಸ್ಟ್ಯಾಂಡುಗಳ ಹಿಂದೆ ಹಸಿರು ಬೆಟ್ಟಗಳ ಸಾಲು, ಬಿಸಿಲು ಚುರುಗುಟ್ಟುತ್ತಿತ್ತು, ನಡುವೆ ಖಾಲಿ ಪಿಚ್. ಅದನ್ನು ನೋಡುತ್ತಾ ಇಡೀ ಪಂದ್ಯವನ್ನು ಮನಸ್ಸಿನಲ್ಲೇ ಮತ್ತೆ ಆಡಿಸಿದೆ.

ಅದು ವೆಸ್ಟ್ ಇಂಡೀಸ್ ವಿರುದ್ಧ ಗಯಾನಾದ ಜಾರ್ಜ್‌ಟೌನ್‌ನಲ್ಲಿ ನಡೆಯಬೇಕಿದ್ದ ಟೆಸ್ಟ್. ಅಲ್ಲಿ ಮಳೆ ಬಿಡಲಿಲ್ಲ, ಆಟ ಇಲ್ಲಿಗೆ ಬಂತು. ಮೊದಲ ಇನಿಂಗ್ಸ್‌ನಲ್ಲಿ ಅವರ ವಿವಿಯನ್ ರಿಚರ್ಡ್ಸ್ 177 ಹೊಡೆದರು. ನಮ್ಮ ಚಂದ್ರಶೇಖರ್ 6 ವಿಕೆಟ್ ಕಿತ್ತರು. ಕೊನೆಗೆ ಅವರ ನಾಯಕ ಕ್ಲೈವ್ ಲಾಯ್ಡ್ ಡಿಕ್ಲೇರ್ ಮಾಡಿ 403ರ ಗುರಿ ಇಟ್ಟರು. ಅಲ್ಲಿಯವರೆಗೆ ನಾಲ್ಕನೇ ಇನಿಂಗ್ಸ್‌ನಲ್ಲಿ 400 ದಾಟಿ ಗೆದ್ದಿದ್ದು ಒಂದೇ ತಂಡ, 1948ರ ಬ್ರ್ಯಾಡ್‌ಮನ್ ಅವರ ಆಸ್ಟ್ರೇಲಿಯಾ. ನಮ್ಮವರು 4 ವಿಕೆಟ್‌ಗೆ 406 ಹೊಡೆದು ಗೆದ್ದರು. ಗವಾಸ್ಕರ್ 102, ಮೊಹಿಂದರ್ ಅಮರನಾಥ್ 85, ವಿಶಿ 112, ಜೊತೆಗೆ ನಮ್ಮ ಬ್ರಿಜೇಶ್ ಪಟೇಲ್ ಔಟಾಗದೆ 49. ಲಾಯ್ಡ್ ಆ ಪಂದ್ಯಕ್ಕೆ ಮೂವರು ಸ್ಪಿನ್ನರ್‌ಗಳನ್ನು ಇಳಿಸಿದ್ದರು. ಈ ಸೋಲಿನ ನಂತರ ಅವರು ನಂಬಿದ್ದು ಬರೀ ವೇಗವನ್ನು. ಮುಂದಿನ ಟೆಸ್ಟ್ ಕಿಂಗ್ಸ್‌ಟನ್‌ನಲ್ಲಿ, ಅಲ್ಲಿ ವಿಶಿಯ ಬೆರಳು ಮುರಿಯಿತು, ಗಾಯ್ಕ್‌ವಾಡ್ ಆಸ್ಪತ್ರೆ ಸೇರಿದರು, ಎರಡನೇ ಇನಿಂಗ್ಸ್‌ನಲ್ಲಿ ಐವರು ಬ್ಯಾಟ್ ಹಿಡಿಯುವ ಸ್ಥಿತಿಯಲ್ಲೇ ಇರಲಿಲ್ಲ. ವೆಸ್ಟ್ ಇಂಡೀಸ್‌ನ ಆ ಭಯಂಕರ ವೇಗದ ಪಡೆ ಬೆಳೆಯೋಕೆ ನಮ್ಮ ಗೆಲುವೂ ಒಂದು ಕಾರಣ ಅನ್ನೋದು ನನಗೆ ಈಗಲೂ ರೋಮಾಂಚನ ತರುತ್ತದೆ.

ನೋಡಬೇಕಾದ್ದು ಇಷ್ಟೇ ಅಂದುಕೊಂಡು ಹೊರಗೆ ಬಂದರೆ, ರಸ್ತೆ ಬೇರೆಯೇ ಕಥೆ ಹೇಳೋಕೆ ಶುರು ಮಾಡಿತು.

ಓವಲ್‌ನ ಎದುರಿಗೇ ದಶಕಗಳ ಕಾಲ ಇನ್ವೇಡರ್ಸ್ ಎಂಬ ಸ್ಟೀಲ್ ಬ್ಯಾಂಡ್‌ನ ಅಂಗಳ ಇತ್ತು. ಸ್ಟೀಲ್ ಬ್ಯಾಂಡ್ ಅಂದ್ರೆ ಎಣ್ಣೆ ಪೀಪಾಯಿಯಿಂದ ಮಾಡಿದ ಪ್ಯಾನ್ ಎಂಬ ವಾದ್ಯ ನುಡಿಸುವ ತಂಡ. ಆ ಬ್ಯಾಂಡ್‌ನ ಮೊದಲ ಹೆಸರೇ ಓವಲ್ ಬಾಯ್ಸ್. ಅದನ್ನು ಕಟ್ಟಿದ ಎಲಿ ಮ್ಯಾನೆಟ್ ಎಂಬವರು ಪೀಪಾಯಿಯ ತಲೆಯನ್ನು ಒಳಕ್ಕೆ ಬಡಿದು ಬಟ್ಟಲಿನಂತೆ ತಗ್ಗಿಸಿದರು. ಆಗ ಅದರ ಮೇಲೆ ಜಾಸ್ತಿ ಸ್ವರಗಳಿಗೆ ಜಾಗ ಸಿಕ್ಕಿತು. ಇದರ ಹಿಂದೆ ನೋವಿನ ಚರಿತ್ರೆಯಿದೆ. 19ನೇ ಶತಮಾನದಲ್ಲಿ ಬ್ರಿಟಿಷ್ ಆಡಳಿತ ಆಫ್ರಿಕನ್ ಮೂಲದವರ ಚರ್ಮದ ವಾದ್ಯಗಳನ್ನು ಅದುಮಿಟ್ಟಿತು. ಜನ ಬಿದಿರಿನ ತುಂಡುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಾಕಿದರು. ಆಮೇಲೆ ಬಿಸ್ಕತ್ ಡಬ್ಬಿ, ಅದಾದ ಮೇಲೆ ಪೀಪಾಯಿ. ಹಾಗೆ ಹುಟ್ಟಿದ ಪ್ಯಾನ್ ಈಗ ಆ ದೇಶದ ರಾಷ್ಟ್ರೀಯ ವಾದ್ಯ. 1951ರಲ್ಲಿ ಟ್ರಿನಿಡಾಡ್‌ನ ಪ್ಯಾನ್ ವಾದಕರ ತಂಡವೊಂದು ಲಂಡನ್‌ಗೆ ಹೋಗಿ ನುಡಿಸಿತು, ಮ್ಯಾನೆಟ್ ಅದರಲ್ಲಿದ್ದರು. ಎಸೆದ ಡಬ್ಬಿಯಿಂದ ಇಷ್ಟು ಇಂಪಾದ ನಾದ ತೆಗೆದ ಆ ಬಡ ಹುಡುಗರನ್ನು ನಾನು ಯಾವ ಬ್ಯಾಟ್ಸ್‌ಮನ್‌ಗಿಂತಲೂ ಕಡಿಮೆ ಅನ್ನಲಾರೆ.

ಅದೇ ರಸ್ತೆಯಲ್ಲಿ ಪಶ್ಚಿಮಕ್ಕೆ ನಡೆದರೆ ರಾಕ್ಸಿ ಸರ್ಕಲ್. ಅಲ್ಲಿ ನಿಂತಿರೋದು ಲಾರ್ಡ್ ಕಿಚನರ್ ಪ್ರತಿಮೆ. ಸೇನಾಪತಿ ಕಿಚನರ್ ಅಲ್ಲ, ಕ್ಯಾಲಿಪ್ಸೋ ಎಂಬ ಇಲ್ಲಿನ ಜನಪ್ರಿಯ ಹಾಡಿನ ಗಾಯಕ ಕಿಚನರ್, ಅರಿಮಾ ಊರಿನವರು. 1948ರಲ್ಲಿ ಎಂಪೈರ್ ವಿಂಡ್‌ರಷ್ ಹಡಗಿನಲ್ಲಿ ಅವರೂ ಲಾರ್ಡ್ ಬಿಗಿನರ್ ಎಂಬ ಇನ್ನೊಬ್ಬ ಹಾಡುಗಾರರೂ ಇಂಗ್ಲೆಂಡ್‌ಗೆ ಹೋದರು. ಎರಡು ವರ್ಷದ ಬಳಿಕ ಲಂಡನ್‌ನ ಲಾರ್ಡ್ಸ್ ಮೈದಾನದಲ್ಲಿ ವೆಸ್ಟ್ ಇಂಡೀಸ್ ಇಂಗ್ಲೆಂಡನ್ನು ಸೋಲಿಸಿತು. ಆ ಪಂದ್ಯದಲ್ಲಿ 11 ವಿಕೆಟ್ ತೆಗೆದ ಸೋನಿ ರಾಮಾಧೀನ್ ಇದೇ ಟ್ರಿನಿಡಾಡ್‌ನ ಹುಡುಗ, ಭಾರತದಿಂದ ಕೂಲಿಗಳಾಗಿ ಬಂದವರ ವಂಶದವರು, ವೆಸ್ಟ್ ಇಂಡೀಸ್ ಪರ ಆಡಿದ ಮೊದಲ ಭಾರತೀಯ ಮೂಲದ ಆಟಗಾರ. ಆಟ ಮುಗಿದದ್ದೇ ತಡ ಕಿಚನರ್ ಗಿಟಾರ್ ಹಿಡಿದು ಮೈದಾನಕ್ಕೆ ಇಳಿದರು, ಹಿಂದೆ ಜನ, ಹಾಡುತ್ತಾ ಕುಣಿಯುತ್ತಾ ಪಿಕಡಿಲಿವರೆಗೂ ಹೋದರು. ಬಿಗಿನರ್ ಹಾಡಿದ ಗೆಲುವಿನ ಹಾಡಿನಲ್ಲಿ ರಾಮಾಧೀನ್ ಹೆಸರೂ ಜಮೈಕಾದ ವ್ಯಾಲಂಟೈನ್ ಹೆಸರೂ ಇಂದಿಗೂ ಉಳಿದಿವೆ.

ನಮ್ಮವರಿಗೂ ಈ ಭಾಗ್ಯ ಸಿಕ್ಕಿದೆ. 1971ರಲ್ಲಿ ಗವಾಸ್ಕರ್ ಮೊದಲ ಸರಣಿಯಲ್ಲೇ 774 ರನ್ ಹೊಡೆದಾಗ ಲಾರ್ಡ್ ರಿಲೇಟರ್ ಎಂಬ ಇಲ್ಲಿನ ಹಾಡುಗಾರ ಗವಾಸ್ಕರ್ ಮೇಲೆ ಕ್ಯಾಲಿಪ್ಸೋ ಕಟ್ಟಿ ಹಾಡಿದರು. ತಮ್ಮ ತಂಡವನ್ನೇ ಸೋಲಿಸಿದ ಎದುರಾಳಿಯ ಮೇಲೆ ಹಾಡು! ಎಂಥಾ ದೊಡ್ಡ ಮನಸ್ಸು, ಅಲ್ವಾ?

ಅದೇ ವುಡ್‌ಬ್ರೂಕ್ ಬಡಾವಣೆಯಲ್ಲಿ ಲಿಟಲ್ ಕ್ಯಾರಿಬ್ ಥಿಯೇಟರ್ ಇದೆ. ನೃತ್ಯಗಾರ್ತಿ ಬೆರಿಲ್ ಮೆಕ್‌ಬರ್ನಿ 1948ರಲ್ಲಿ ಶುರು ಮಾಡಿದ್ದು. ಬೀದಿಯ ಗಲಾಟೆ ಅಂತ ದೊಡ್ಡಮನೆಯವರು ಮೂಗು ಮುರಿಯುತ್ತಿದ್ದ ಪ್ಯಾನನ್ನು ಆಕೆ ಧೈರ್ಯವಾಗಿ ವೇದಿಕೆಗೆ ತಂದರು. ಮುಂದೆ ನೊಬೆಲ್ ಪಡೆದ ಸೇಂಟ್ ಲೂಸಿಯಾದ ಕವಿ ಡೆರೆಕ್ ವಾಲ್ಕಾಟ್ ತಮ್ಮ ನಾಟಕ ತಂಡವನ್ನು 1959ರಲ್ಲಿ ಬೆಳೆಸಿದ್ದೂ ಇಲ್ಲೇ.

ಮರುದಿನ ಸಿಟಿ ಗೇಟ್ ಬಸ್ ನಿಲ್ದಾಣದಿಂದ ಕೆಂಪು ಪಟ್ಟಿಯ ಮ್ಯಾಕ್ಸಿ ಟ್ಯಾಕ್ಸಿ, ಅಂದ್ರೆ ಮಿನಿ ಬಸ್ಸು ಹತ್ತಿ ಪೂರ್ವಕ್ಕೆ, ಟುನಾಪುನಾಗೆ ಹೋದೆ. ಕ್ರಿಕೆಟ್ ಬಗ್ಗೆ ಬರೆದು ಹೆಸರಾದ ಲೇಖಕ ಸಿ.ಎಲ್.ಆರ್. ಜೇಮ್ಸ್ ಅವರ ಊರು. ಚಿಕ್ಕವರಿದ್ದಾಗ ಮನೆಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಎದುರಿನ ಮೈದಾನದ ಆಟ ನೋಡುತ್ತಿದ್ದರಂತೆ, ಕೈಯಲ್ಲಿ ಪುಸ್ತಕ. ಆ ಕಿಟಕಿಯಿಂದ ಕಂಡದ್ದನ್ನು ಅವರು ಮುಂದೆ ಜಗತ್ತೇ ಓದುವಂಥ ಬರಹ ಮಾಡಿದರು. 1932ರಲ್ಲಿ ಇಂಗ್ಲೆಂಡ್‌ಗೆ ಹೋದಾಗ ಅವರಿಗೆ ಆಸರೆ ಕೊಟ್ಟವರು ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್. ಬಣ್ಣದ ಕಾರಣಕ್ಕೆ ತಂಗಲು ಬಿಡದ ಹೋಟೆಲ್ ವಿರುದ್ಧ 1944ರಲ್ಲಿ ಕೋರ್ಟಿನಲ್ಲಿ ಗೆದ್ದು, 1969ರಲ್ಲಿ ಬ್ರಿಟನ್‌ನ ಹೌಸ್ ಆಫ್ ಲಾರ್ಡ್ಸ್ ಪ್ರವೇಶಿಸಿದ ಮೊದಲ ಕಪ್ಪು ಸದಸ್ಯರು ಇವರೇ. ಇನ್ನು ಜೇಮ್ಸ್, ಕಪ್ಪು ಆಟಗಾರ ಫ್ರಾಂಕ್ ವೊರೆಲ್ ಅವರನ್ನು ವೆಸ್ಟ್ ಇಂಡೀಸ್ ನಾಯಕ ಮಾಡಿ ಅಂತ ಪತ್ರಿಕೆಯಲ್ಲಿ ಹಟ ಹಿಡಿದು ಬರೆದರು, 1960ರಲ್ಲಿ ಅದು ಆಗಿಯೂ ಹೋಯಿತು. 1989ರಲ್ಲಿ ಲಂಡನ್‌ನಲ್ಲಿ ತೀರಿಕೊಂಡ ಜೇಮ್ಸ್ ಅವರನ್ನು ಈ ಊರಿಗೇ ತಂದು ಮಣ್ಣು ಮಾಡಿದ್ದಾರೆ.

ವಾಪಸ್ ಬರುವಾಗ ಕ್ಯೂರೆಪ್‌ನಲ್ಲಿ ಡಬಲ್ಸ್ ತಿನ್ನಲು ಇಳಿದೆ. ಎರಡು ಮೆತ್ತನೆ ಬಾರಾ (ಎಣ್ಣೆಯಲ್ಲಿ ಕರಿದ ರೊಟ್ಟಿ), ಮಧ್ಯೆ ಕಡಲೆಕಾಳಿನ ಪಲ್ಯ, ಮೇಲೆ ಖಾರದ ಚಟ್ನಿ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಎಲ್ಲಿಂದ ಅಂದರು. ವಿಶ್ವನಾಥ್ ಊರಿನ ಕಡೆಯವನು, ಅವರು ಭದ್ರಾವತಿಯಲ್ಲಿ ಹುಟ್ಟಿದವರು ಅಂದೆ. ಅವರ ಮುಖ ಅರಳಿತು. 76ರಲ್ಲಿ ಓವಲ್‌ನಲ್ಲಿ ಕೂತು ನೋಡಿದ್ದರಂತೆ! ಸರಿ, ನಿಮ್ಮೂರಲ್ಲಿ ಆ ಸೆಂಚುರಿ ಮೇಲೆ ಯಾವ ಹಾಡು ಕಟ್ಟಿದ್ದೀರಿ, ಹಾಡು ನೋಡೋಣ ಅಂದರು. ನನಗೆ ಒಂದೂ ನೆನಪಾಗಲಿಲ್ಲ. ಹಾಡಿನ ಬದಲು ವಿಶಿಯ ಸ್ಕ್ವೇರ್ ಕಟ್ ವರ್ಣಿಸಿದೆ, ಅದಕ್ಕಿಂತ ಚೆಂದದ ಹೊಡೆತ ಇಲ್ಲ ಅಂದೆ. ಅವರು ಒಪ್ಪಲಿಲ್ಲ. ಅದೇ ಪಂದ್ಯದಲ್ಲಿ ಔಟಾಗದೆ 103 ಹೊಡೆದ ಕಾಳಿಚರಣ್ ಕಟ್ ಮುಂದೆ ಅದು ಏನೂ ಅಲ್ಲ ಅಂದರು. ಎರಡು ಮ್ಯಾಕ್ಸಿ ಹೋದರೂ ನಮ್ಮ ವಾದ ಮುಗಿದಿರಲಿಲ್ಲ.